ಹಗುರ ಪಿಕಪ್‌ಗೆ ಹೊಂದುವ ಕುಟುಂಬ ಟ್ರೇಲರ್: ಹುಬ್ಬಳ್ಳಿಯಲ್ಲಿ ಕಟ್ಟಿಸಿದ ನಾಲ್ಕು ಹಾಸಿಗೆಯ ಗಾಡಿಯ ವಿಮರ್ಶೆ

ಪಿಕಪ್‌ನ ಹಿಂದೆ ಜೋಡಿಸಿಕೊಂಡು ಹೋಗಿ, ನಿಂತಲ್ಲಿ ಮಲಗಲು, ಅಡುಗೆ ಮಾಡಿಕೊಳ್ಳಲು ಅನುಕೂಲವಾಗುವ ಟ್ರೇಲರ್ ಬೇಕೆನ್ನುವವರು ಮೊದಲು ಕೇಳುವುದು ‘ನಮ್ಮ ಗಾಡಿ ಎಷ್ಟು ಎಳೆಯುತ್ತದೆ’ ಎಂದು. ನಮ್ಮ ರಸ್ತೆಗಳಲ್ಲಿ ಕಾಣುವ ಹಗುರ ಪಿಕಪ್‌ಗಳಿಗೆ ಎಳೆಯುವ ಬಲಕ್ಕೇನೂ ಕೊರತೆಯಿಲ್ಲ. ಇಸುಝು ವಿ-ಕ್ರಾಸ್‌ನ 1.9 ಲೀಟರ್ ಡೀಸೆಲ್ ಎಂಜಿನ್ 163 ಪಿಎಸ್ ಶಕ್ತಿ ಮತ್ತು 360 ಎನ್‌ಎಂ ಟಾರ್ಕ್ (ಗಾಲಿ ತಿರುಗಿಸುವ ಬಲ) ಕೊಡುತ್ತದೆ. ಟೊಯೊಟಾ ಹೈಲಕ್ಸ್‌ನ 2.8 ಲೀಟರ್ ಎಂಜಿನ್‌ನ ಶಕ್ತಿ 204 ಪಿಎಸ್. ಒಂದು ಟನ್ ತೂಕದ ಟ್ರೇಲರ್ ಇವುಗಳಿಗೆ ಭಾರವೇನಲ್ಲ. ಆದರೆ ಎಳೆಯುವ ಬಲ ಸಾಲದೆ ಹೋಗುವುದಕ್ಕಿಂತ ಬಹಳ ಮೊದಲೇ ಗಾಡಿಯ ಹೊರುವ ಮಿತಿ ಮುಗಿದುಹೋಗುತ್ತದೆ. ಟ್ರೇಲರ್ ಮಾರುವವರು ಈ ಮಾತನ್ನು ಎತ್ತುವುದು ಕಡಿಮೆ. ಕೊಳ್ಳುವವರೇ ಆರ್‌ಸಿ ಕಾರ್ಡ್ ಕೈಯಲ್ಲಿ ಹಿಡಿದು ಲೆಕ್ಕ ಹಾಕಿಕೊಳ್ಳಬೇಕು.

ಆರ್‌ಸಿಯಲ್ಲಿ ಖಾಲಿ ಗಾಡಿಯ ತೂಕವೂ, ಭರ್ತಿಯಾದಾಗ ಮೀರಬಾರದ ಒಟ್ಟು ತೂಕವೂ ಇರುತ್ತವೆ. ಇವೆರಡರ ವ್ಯತ್ಯಾಸ 450 ಕೆಜಿ ಎಂದು ಹಿಡಿಯೋಣ. ಗಂಡ, ಹೆಂಡತಿ, ಅವ್ವ, ಶಾಲೆಗೆ ಹೋಗುವ ಒಬ್ಬ ಮಗಳು ಕುಳಿತರೆ ಸುಮಾರು 230 ಕೆಜಿ ಆಯಿತು. ಹಿಂದಿನ ತೊಟ್ಟಿಗೆ ಹಾಕಿಸಿದ ಮುಚ್ಚಳ, ಟ್ರೇಲರ್ ಸಿಕ್ಕಿಸಲು ಚಾಸಿಗೆ ಬೋಲ್ಟ್ ಮಾಡಿಸಿದ ಕಬ್ಬಿಣದ ಚೌಕಟ್ಟು ಇವೆರಡೂ ಸೇರಿ 60 ಕೆಜಿ. ಬ್ಯಾಗುಗಳು, ಸ್ಟೆಪ್ನಿಯ ಜೊತೆಗಿನ ಸಾಮಾನು ಎಂದು 40 ಕೆಜಿ. ಉಳಿದದ್ದು 120 ಕೆಜಿ. ಟ್ರೇಲರ್‌ನ ಮೂತಿ ಗಾಡಿಯ ಹುಕ್ಕಿನ ಮೇಲೆ ಒತ್ತುವ ಭಾರವೆಲ್ಲ ಈ 120ರೊಳಗೇ ಹಿಡಿಯಬೇಕು. ಟ್ರೇಲರ್ ನೆಟ್ಟಗೆ ಓಡಬೇಕಾದರೆ ಅದರ ಒಟ್ಟು ತೂಕದಲ್ಲಿ ನೂರಕ್ಕೆ ಹತ್ತರಷ್ಟಾದರೂ ಹುಕ್ಕಿನ ಮೇಲೆ ಬೀಳಬೇಕು. ಅಮೆರಿಕದಲ್ಲಿ ಇದನ್ನು ನೂರಕ್ಕೆ 10ರಿಂದ 15 ಎಂದು ಹಿಡಿಯುತ್ತಾರೆ. ಹಾಗಾಗಿ ನಾಲ್ಕು ಜನರ ಕುಟುಂಬ ಇಂಥ ಪಿಕಪ್‌ನಲ್ಲಿ ಹೊರಟರೆ, ಸಾಮಾನು ತುಂಬಿದ ಟ್ರೇಲರ್ ಒಂದು ಟನ್ ದಾಟದಿರುವುದೇ ಕ್ಷೇಮ.

ಈ ಲೆಕ್ಕ ಇಟ್ಟುಕೊಂಡು ನಾವು ತಾರಿಹಾಳ ಕೈಗಾರಿಕಾ ಪ್ರದೇಶದ ಒಂದು ಫ್ಯಾಬ್ರಿಕೇಷನ್ ಶೆಡ್‌ಗೆ ಹೋದೆವು. ಟ್ರ್ಯಾಕ್ಟರ್ ಟ್ರೇಲರ್ ಕಟ್ಟುವ ಕೈಗಳಿಗೆ ಈ ಭಾಗದಲ್ಲಿ ಬರವಿಲ್ಲ. ಚಾಸಿ, ಆಕ್ಸಲ್ (ಗಾಲಿಗಳ ಅಚ್ಚು), ವೆಲ್ಡಿಂಗ್ ಕೆಲಸದಲ್ಲಿ ಅವರ ನೈಪುಣ್ಯವನ್ನು ಅನುಮಾನಿಸುವಂತಿಲ್ಲ. ಆದರೆ ಜೋಳದ ಚೀಲ ಹೊರುವ ಗಾಡಿ ಕಟ್ಟಿದ ಅಭ್ಯಾಸ ಎಲ್ಲವನ್ನೂ ದಪ್ಪವಾಗಿ, ಗಟ್ಟಿಯಾಗಿ ಮಾಡುವ ಕಡೆಗೇ ಎಳೆಯುತ್ತದೆ. ಮನೆಯ ಟ್ರೇಲರ್‌ಗೆ ಬೇಕಾದದ್ದು ಹಗುರತನ. 18 ಮಿಲಿಮೀಟರ್‌ನ ಒಂದು ಪೂರ್ತಿ ಪ್ಲೈವುಡ್ ಹಾಳೆಯೇ 30 ಕೆಜಿ ಮೀರುತ್ತದೆ. ಮಂಚ, ಕಪಾಟು, ಅಡುಗೆ ಕಟ್ಟೆ ಎಲ್ಲಕ್ಕೂ ಅದನ್ನೇ ಬಳಸಿದರೆ ಸಾಮಾನು ಇಡುವ ಮೊದಲೇ ಮಿತಿ ಮುಗಿಯುತ್ತದೆ. ನಾವು ಗೋಡೆಗೆ ಪಫ್ ಪ್ಯಾನಲ್ (ಎರಡು ತೆಳು ತಗಡಿನ ನಡುವೆ ಶಾಖ ತಡೆಯುವ ಫೋಮ್ ತುಂಬಿದ ಹಲಗೆ), ಕಪಾಟಿಗೆ ಅಲ್ಯೂಮಿನಿಯಂ ಪಟ್ಟಿಯ ಚೌಕಟ್ಟು, ಹಾಸಿಗೆಯ ಕೆಳಗೆ ಮಾತ್ರ 12 ಮಿಲಿಮೀಟರ್ ಪ್ಲೈ ಎಂದು ಬರೆದುಕೊಟ್ಟೆವು. ಶೆಡ್‌ನವರು ಅದನ್ನು ಪಾಲಿಸಿದರು.

ಅಲ್ಲಿ ನಮ್ಮ ಮುಂದೆ ಮೂರು ಆಯ್ಕೆಗಳಿದ್ದವು. ಇಬ್ಬರು ಮಲಗುವ ಚಿಕ್ಕ ಗಾಡಿ ಚೆನ್ನಾಗಿತ್ತು, ಆದರೆ ಅದರೊಳಗೆ ನೆಟ್ಟಗೆ ನಿಲ್ಲಲಾಗುವುದಿಲ್ಲ. ಮೊಣಕಾಲು ನೋವಿರುವ ಹಿರಿಯರಿಗೆ ಅದು ಆಗದು. ಸ್ನಾನದ ಕೋಣೆ, ಎಸಿ, ಎರಡು ಆಕ್ಸಲ್ ಇರುವ ದೊಡ್ಡದು ನೋಡಲು ಬಹಳ ಆಕರ್ಷಕವಾಗಿತ್ತು. ಭರ್ತಿಯಾದಾಗ 1800 ಕೆಜಿ ಎಂದರೆ ಹುಕ್ಕಿನ ಮೇಲೇ 180 ಕೆಜಿ ಬೀಳುತ್ತದೆ, ಅದನ್ನು ಹಗುರ ಪಿಕಪ್‌ಗೆ ಕಟ್ಟುವ ಮಾತೇ ಇಲ್ಲ. ನಡುವಿನದನ್ನು ಆರಿಸಿದೆವು: ಒಂದೇ ಆಕ್ಸಲ್, ನಿಲ್ಲಿಸಿದಾಗ ಮೇಲೆತ್ತುವ ಚಾವಣಿ, ಇಬ್ಬರ ಹಾಸಿಗೆ ಒಂದು, ಒಬ್ಬೊಬ್ಬರ ಹಾಸಿಗೆ ಎರಡು, ಹಿಂದೆ ಬಾಗಿಲು ಮೇಲೆತ್ತಿ ಅಡುಗೆ ಮಾಡುವ ಕಟ್ಟೆ. ಚಾವಣಿ ಇಳಿಸಿದಾಗ ಗಾಡಿಯ ಎತ್ತರ ಪಿಕಪ್‌ಗಿಂತ ಸ್ವಲ್ಪವೇ ಹೆಚ್ಚು. ಎದುರಿನ ಗಾಳಿಯನ್ನು ತಡೆಯುವ ಗೋಡೆ ಚಿಕ್ಕದಾದಷ್ಟೂ ಡೀಸೆಲ್ ಉಳಿಯುತ್ತದೆ ಎಂಬುದಕ್ಕಾಗಿ ಈ ಚಾವಣಿಯನ್ನು ನಾನು ವಿಶೇಷವಾಗಿ ಮೆಚ್ಚುತ್ತೇನೆ.

ಶೆಡ್‌ನವರು ಕೊಟ್ಟ ಕಾಗದದಲ್ಲಿ ಖಾಲಿ ತೂಕ 650 ಕೆಜಿ ಎಂದಿತ್ತು. ಗಾಡಿ ಕೈಗೆ ಬಂದ ಕೂಡಲೇ ಅಮರಗೋಳದ ಎಪಿಎಂಸಿ ಕಡೆಯ ವೇಬ್ರಿಡ್ಜ್‌ಗೆ ಒಯ್ದು, ಪಿಕಪ್‌ನಿಂದ ಬಿಡಿಸಿ, ಟ್ರೇಲರ್ ಒಂದನ್ನೇ ತೂಗಿಸಿದಾಗ ಬಂದದ್ದು 720. ವಿಚಾರಿಸಿದರೆ, ಬ್ಯಾಟರಿ, ಫ್ರಿಡ್ಜ್, ಬದಿಗೆ ಬಿಚ್ಚುವ ನೆರಳಿನ ಚಪ್ಪರ ಇವನ್ನೆಲ್ಲ ‘ಹೆಚ್ಚುವರಿ ಸಾಮಾನು’ ಎಂದು ತೂಕದಿಂದ ಬಿಟ್ಟಿದ್ದರು. ಗ್ರಾಹಕ ಹಣ ಕೊಟ್ಟು ಹಾಕಿಸಿಕೊಂಡು, ಯಾವಾಗಲೂ ಗಾಡಿಯಲ್ಲೇ ಇರುವ ವಸ್ತುಗಳನ್ನು ಹೀಗೆ ಬಿಡುವುದು ತಪ್ಪು. ಇದು ನಮ್ಮ ದೊಡ್ಡ ಆಕ್ಷೇಪ. ಕೊಳ್ಳುವವರು ಕೊನೆಯ ಕಂತು ಕೊಡುವ ಮೊದಲು ತೂಕದ ಚೀಟಿಯನ್ನು ಕೇಳಬೇಕು. ನೀರು, ಹಾಸಿಗೆ, ಪಾತ್ರೆ, ದಿನಸಿ ತುಂಬಿದ ಮೇಲೆ ಅದೇ ಗಾಡಿ 910 ಕೆಜಿ ತೂಗಿತು.

ಹುಕ್ಕಿನ ಭಾರವನ್ನು ವೇಬ್ರಿಡ್ಜ್‌ನಲ್ಲಿ ನಿಖರವಾಗಿ ನೋಡಲಾಗದು, ಅದು ಹತ್ತು ಹತ್ತು ಕೆಜಿಯ ಲೆಕ್ಕದಲ್ಲಿ ಓಡುತ್ತದೆ. ಮನೆಯಲ್ಲಿ ಜನರ ತೂಕ ನೋಡುವ ಯಂತ್ರವೇ ಇದಕ್ಕೆ ಸಾಕು. ಸಮತಟ್ಟಾದ ನೆಲದಲ್ಲಿ ಗಾಲಿಗಳಿಗೆ ಕಲ್ಲು ಕೊಟ್ಟು, ಯಂತ್ರವನ್ನು ಇಟ್ಟಿಗೆಗಳ ಮೇಲಿಟ್ಟು, ಹುಕ್ಕು ಸಿಕ್ಕಿಸುವ ಎತ್ತರಕ್ಕೇ ಬರುವಂತೆ ಒಂದು ಮರದ ತುಂಡು ನಿಲ್ಲಿಸಿ, ಅದರ ಮೇಲೆ ಟ್ರೇಲರ್‌ನ ಮೂತಿಯನ್ನು ನಿಧಾನವಾಗಿ ಇಳಿಸಬೇಕು. ನಮ್ಮದು 98 ಕೆಜಿ ತೋರಿಸಿತು. ಇದು ಎಲ್ಲಿ ಬೀಳುತ್ತದೆ ಎಂಬುದನ್ನೂ ಗಮನಿಸಬೇಕು. ಹುಕ್ಕು ಹಿಂದಿನ ಆಕ್ಸಲ್‌ಗಿಂತ ಸುಮಾರು 1.2 ಮೀಟರ್ ಹಿಂದಿದೆ, ನಮ್ಮ ವಿ-ಕ್ರಾಸ್‌ನ ಎರಡು ಆಕ್ಸಲ್‌ಗಳ ನಡುವಿನ ದೂರ 3095 ಮಿಲಿಮೀಟರ್. ಸನ್ನೆಗೋಲಿನ ಲೆಕ್ಕದಂತೆ ಈ 98 ಕೆಜಿ ಮುಂದಿನ ಗಾಲಿಗಳ ಮೇಲಿಂದ ಸುಮಾರು 38 ಕೆಜಿ ಎತ್ತಿ ಹಿಂದಿನ ಆಕ್ಸಲ್ ಮೇಲೆ ಸುಮಾರು 136 ಕೆಜಿ ಹೇರುತ್ತದೆ. ಭಾರ ಅತಿಯಾದರೆ ಸ್ಟೇರಿಂಗ್ ಹಗುರಾಗುವುದೂ, ರಾತ್ರಿ ಹೆಡ್‌ಲೈಟ್ ಎದುರಿನವರ ಕಣ್ಣಿಗೆ ಹೊಡೆಯುವುದೂ ಇದರಿಂದಲೇ.

ಚಕ್ಕಡಿಗೆ ಮೇವು ಹೇರುವಾಗ ಮುಂಭಾರ, ಹಿಂಭಾರ ನೋಡಿ ಹೇರುವ ನಮ್ಮ ರೈತರಿಗೆ ಇದರ ತತ್ವ ಹೇಳಿಕೊಡಬೇಕಾಗಿಲ್ಲ: ಹಿಂಭಾರವಾದರೆ ನೊಗ ಮೇಲೇಳುತ್ತದೆ. ಟ್ರೇಲರ್‌ನಲ್ಲಿ ಹಿಂಭಾರವಾದರೆ, ವೇಗ ಹೆಚ್ಚಿದಾಗ ಅದು ಎಡಕ್ಕೂ ಬಲಕ್ಕೂ ತೂಗಲು ತೊಡಗಿ ಪಿಕಪ್‌ನ ಹಿಂಭಾಗವನ್ನೇ ಅಲ್ಲಾಡಿಸುತ್ತದೆ. ನಮ್ಮ ಮಾದರಿಯಲ್ಲಿ ಅಡುಗೆ ಕಟ್ಟೆ ಹಿಂದಿರುವುದರಿಂದ ಈ ಅಪಾಯ ಸಹಜವಾಗಿಯೇ ಇದೆ. ಅದಕ್ಕಾಗಿ 60 ಲೀಟರ್ ನೀರಿನ ಟ್ಯಾಂಕನ್ನು ಆಕ್ಸಲ್‌ಗೆ ತುಸು ಮುಂದೆ, ಗ್ಯಾಸ್ ಸಿಲಿಂಡರ್ ಮತ್ತು ಬ್ಯಾಟರಿಯನ್ನು ಮೂತಿಯ ಕಡೆಯ ಪೆಟ್ಟಿಗೆಯಲ್ಲಿ ಇಡಿಸಿದೆವು. ಸಿಲಿಂಡರ್ ಕೂಡ 5 ಕೆಜಿಯ ಚಿಕ್ಕದು, ಮನೆಯ 14.2 ಕೆಜಿಯದು ಕಬ್ಬಿಣ ಸೇರಿ 30 ಕೆಜಿಯ ಹತ್ತಿರ ತೂಗುತ್ತದೆ.

ಅಣ್ಣಿಗೇರಿಯ ಬಯಲು ದಾಟಿ ಗದಗದತ್ತ ಹೋಗುವ ರಸ್ತೆಯೇ ಈ ಜೋಡಣೆಗೆ ಒಳ್ಳೆಯ ಪರೀಕ್ಷೆ. ಮುಂಗಾರಿನ ಗಾಳಿ ಕಪ್ಪತಗುಡ್ಡದ ಗಾಳಿಯಂತ್ರಗಳನ್ನು ತಿರುಗಿಸುವಷ್ಟೇ ಜೋರಾಗಿ ಟ್ರೇಲರ್‌ನ ಪಕ್ಕೆಗೂ ಬಡಿಯುತ್ತದೆ. ಗಂಟೆಗೆ 70 ಕಿಲೋಮೀಟರ್ ದಾಟದಂತೆ ಓಡಿಸಿದಾಗ ನಮ್ಮ ಗಾಡಿ ಸಾಲು ಬಿಟ್ಟು ಕದಲಲಿಲ್ಲ. ಲಾರಿ ಹಾಯ್ದಾಗ ಮಾತ್ರ ಒಂದು ಸಣ್ಣ ಎಳೆತ ಕೈಗೆ ತಿಳಿಯುತ್ತದೆ.

ಘಟ್ಟದಲ್ಲಿ ಬೇಕಾದದ್ದು ಬೇರೆ. ಯಲ್ಲಾಪುರ ದಾಟಿ ಅರಬೈಲ್ ಘಟ್ಟ ಇಳಿಯುವಾಗ ಟ್ರೇಲರ್‌ಗೆ ತನ್ನದೇ ಬ್ರೇಕ್ ಇರದಿದ್ದರೆ ಒಂದು ಟನ್ ತೂಕ ಹಿಂದಿನಿಂದ ನೂಕುತ್ತಲೇ ಇರುತ್ತದೆ. ಬ್ರಿಟನ್ನಿನಲ್ಲಿ 750 ಕೆಜಿ ಮೀರಿದ ಟ್ರೇಲರ್‌ಗೆ ಬ್ರೇಕ್ ಕಡ್ಡಾಯ. ಆ ನಿಯಮವನ್ನು ನಾವೂ ಮನೆಯ ನಿಯಮವಾಗಿ ಇಟ್ಟುಕೊಳ್ಳುವುದು ಒಳ್ಳೆಯದು. ನಮ್ಮದರಲ್ಲಿರುವುದು ಟ್ರೇಲರ್ ಮುಂದಕ್ಕೆ ನೂಕಿದಾಗ ಆ ನೂಕುವಿಕೆಯಿಂದಲೇ ಹಿಡಿಯುವ ಬ್ರೇಕ್. ಸರಳವಾದದ್ದು, ಸಮತಟ್ಟಿನಲ್ಲಿ ಅತ್ಯುತ್ತಮ. ಉದ್ದನೆಯ ಇಳಿಜಾರಿನಲ್ಲಿ ಮಾತ್ರ ಅದು ಬಿಡದೆ ಹಿಡಿದುಕೊಂಡೇ ಇರುವುದರಿಂದ ಡ್ರಮ್‌ಗಳು ಬಿಸಿಯಾಗುತ್ತವೆ. ಕೆಳ ಗೇರ್‌ನಲ್ಲಿ ಎಂಜಿನ್ ಹಿಡಿತದ ಮೇಲೇ ಇಳಿಯುತ್ತ, ಜಾಗ ಸಿಕ್ಕಲ್ಲಿ ನಿಲ್ಲಿಸಿ ಡ್ರಮ್‌ಗಳನ್ನು ತಣಿಸಿಕೊಳ್ಳಬೇಕು. ಘಟ್ಟದ ಕಡೆಗೇ ಹೆಚ್ಚು ಹೋಗುವವರು, ಚಾಲಕ ತಾನೇ ಹಿಡಿತ ಹೊಂದಿಸಬಹುದಾದ ವಿದ್ಯುತ್ ಬ್ರೇಕ್ ಹಾಕಿಸಿಕೊಳ್ಳಲಿ ಎಂದೇ ನನ್ನ ಸಲಹೆ.

ಗಾಲಿಗಳ ಆಯ್ಕೆಗೆ ಪೂರ್ಣ ಅಂಕ ಕೊಡುತ್ತೇನೆ. ಬೊಲೆರೊಗೆ ಬರುವ 215/75 ಆರ್ 15 ಅಳತೆಯ ಟೈರ್ ಹಾಕಿಸಿದ್ದರಿಂದ ಯಾವ ತಾಲ್ಲೂಕು ಊರಿನಲ್ಲೂ ಬದಲಿ ಸಿಗುತ್ತದೆ. ಎರೆ ನೆಲದಲ್ಲಿ ಅಗಲ ಗಾಲಿ ಬೇಗ ಹೂಳುವುದಿಲ್ಲ. ಆದರೂ ಮಳೆ ಬಿದ್ದ ಎರೆ ಹೊಲಕ್ಕೆ ಟ್ರೇಲರ್ ಇಳಿಸಲೇಬಾರದು. ಆ ಮಣ್ಣು ಗಾಲಿಗೂ ಮಡ್‌ಗಾರ್ಡ್‌ಗೂ ನಡುವೆ ಮೆತ್ತಿಕೊಂಡರೆ ಗಾಲಿ ತಿರುಗುವುದೇ ನಿಲ್ಲುತ್ತದೆ.

ಒಳಗಿನ ವಾಸದ ವಿಷಯದಲ್ಲಿ ಹೆಚ್ಚು ದೂರಿಲ್ಲ. ಏಪ್ರಿಲ್ ಬಿಸಿಲಿನಲ್ಲಿ ಪಫ್ ಗೋಡೆ ಚೆನ್ನಾಗಿಯೇ ತಡೆಯುತ್ತದೆ, ಮಧ್ಯಾಹ್ನ ಮಾತ್ರ ನೆರಳು ಹುಡುಕಿ ನಿಲ್ಲಿಸಬೇಕು. ಅಡುಗೆ ಕಟ್ಟೆಯ ಮೇಲೆ ರೊಟ್ಟಿ ಬಡಿದರೆ ಮೊದಲು ಇಡೀ ಗಾಡಿ ಅದುರುತ್ತಿತ್ತು. ಅವ್ವ ಎರಡೇ ರೊಟ್ಟಿಗೆ ಕೈ ಬಿಟ್ಟು, ‘ಇದರ ಕೆಳಗ ಕಾಲು ಕೊಡಸ್ರಿ’ ಅಂದರು. ಶೆಡ್‌ನವರು ಮಡಚುವ ಎರಡು ಕಾಲುಗಳನ್ನು ಹಣ ತೆಗೆದುಕೊಳ್ಳದೆ ಕೂಡಿಸಿಕೊಟ್ಟರು, ಅದುರುವುದು ನಿಂತಿತು. ಮೆಟ್ಟಿಲಿನ ಎತ್ತರ ಹಿರಿಯರಿಗೆ ಇನ್ನೂ ಹೆಚ್ಚೇ ಇದೆ. ಒಂದು ಕಿಟಕಿಯ ರಬ್ಬರಿನಿಂದ ಜೋರು ಮಳೆಯಲ್ಲಿ ನೀರು ಜಿನುಗುತ್ತದೆ, ಅದನ್ನು ಬದಲಿಸಿಕೊಡುವುದಾಗಿ ಒಪ್ಪಿದ್ದಾರೆ.

ಕಾಗದಪತ್ರದ ವಿಷಯವನ್ನು ಮುಂಗಡ ಕೊಡುವ ದಿನವೇ ಇತ್ಯರ್ಥ ಮಾಡಿಕೊಳ್ಳಬೇಕು. 1988ರ ಮೋಟಾರು ವಾಹನ ಕಾಯ್ದೆಯ 61ನೇ ಕಲಮಿನಂತೆ ಟ್ರೇಲರ್‌ಗೂ ಪ್ರತ್ಯೇಕ ನೋಂದಣಿ ಬೇಕು, ಎಳೆಯುವ ಗಾಡಿಯ ಸಂಖ್ಯೆಯೂ ಅದರ ಮೇಲೆ ಕಾಣಬೇಕು. ಹುಬ್ಬಳ್ಳಿಯ ಕೆಎ-63 ಆಗಲಿ, ಧಾರವಾಡದ ಕೆಎ-25 ಆಗಲಿ, ಗದಗದ ಕೆಎ-26, ಹಾವೇರಿಯ ಕೆಎ-27 ಆಗಲಿ, ಆರ್‌ಟಿಒ ಕಚೇರಿಯಲ್ಲಿ ಕೇಳುವ ಮಾರಾಟ ಪ್ರಮಾಣಪತ್ರ, ರಸ್ತೆ ಯೋಗ್ಯತೆಯ ಪ್ರಮಾಣಪತ್ರಗಳನ್ನು ಕೊಡಲಾಗದ ಶೆಡ್‌ನಲ್ಲಿ ಎಷ್ಟೇ ಚೆಂದದ ಟ್ರೇಲರ್ ಇದ್ದರೂ ಕಟ್ಟಿಸಬೇಡಿ. ಪಿಕಪ್‌ನ ವಿಮೆಯಲ್ಲಿ ಟ್ರೇಲರ್ ಎಳೆಯುವುದನ್ನು ಬರವಣಿಗೆಯಲ್ಲಿ ಸೇರಿಸಿಕೊಳ್ಳಿ, ಮತ್ತು ಗಾಡಿ ಓಡುವಾಗ ಟ್ರೇಲರ್‌ನೊಳಗೆ ಯಾರನ್ನೂ ಕೂರಿಸಬೇಡಿ.