ಸ್ಕ್ಯಾಂಡಿನೇವಿಯಾದಲ್ಲಿ ಬಾಡಿಗೆ ಕಾರು: ಕೀಲಿ ಡಬ್ಬಿಗೆ ಹಾಕಿ ಬರುವ ಮುನ್ನ ಇದನ್ನು ಓದಿ

ಈ ಬೇಸಿಗೆಯಲ್ಲಿ ಗೆಳೆಯರ ಜೊತೆ ಡೆನ್ಮಾರ್ಕ್, ಸ್ವೀಡನ್, ನಾರ್ವೆ ಕಡೆ ಕಾರಿನಲ್ಲಿ ಸುತ್ತಲು ಹೊರಟವರು ದಯವಿಟ್ಟು ಓದಿ. ಕಳೆದ ಜೂನ್‌ನಲ್ಲಿ ನಾವು ಕೋಪನ್‌ಹೇಗನ್‌ನಲ್ಲಿ ಕಾರು ಬಾಡಿಗೆಗೆ ಪಡೆದು, ಸ್ವೀಡನ್‌ಗೆ ಹೋಗುವ ಓರೆಸುಂಡ್ ಸೇತುವೆ ದಾಟಿ ಮಾಲ್ಮೋ, ಓಸ್ಲೋ ಮಾರ್ಗವಾಗಿ ನಾರ್ವೆಯ ಸೋಗ್ನೆಫ್ಯೋರ್ಡ್‌ವರೆಗೂ (ಬೆಟ್ಟಗಳ ನಡುವೆ ಒಳನುಗ್ಗಿದ ಉದ್ದನೆಯ ಸಮುದ್ರದ ಕವಲು) ಹೋಗಿಬಂದೆವು. ಪ್ರವಾಸ ಚೆನ್ನಾಗಿಯೇ ಆಯಿತು. ತೊಂದರೆ ಶುರುವಾಗಿದ್ದು ಬೆಂಗಳೂರಿಗೆ ಮರಳಿದ ಮೇಲೆ.

ನಮ್ಮ ವಿಮಾನ ಬೆಳಗ್ಗೆ ಬೇಗ ಇತ್ತು. ಅಷ್ಟೊತ್ತಿಗೆ ಕೌಂಟರ್ ತೆರೆಯುವುದಿಲ್ಲ, ಕೀಲಿಯನ್ನು ಡಬ್ಬಿಗೆ ಹಾಕಿ ಹೋಗಿ ಎಂದು ಬಾಡಿಗೆ ಕಂಪನಿಯವರೇ ಹೇಳಿದ್ದರು. ಹಾಗೇ ಮಾಡಿದೆವು. ಕೆಲವು ವಾರಗಳ ನಂತರ ಮೇಲ್ ಬಂತು: ಚಕ್ರದ ರಿಮ್ ಗೀಚಿದೆ, ಮುಂದಿನ ಗಾಜಿಗೆ ಕಲ್ಲು ಬಡಿದಿದೆ. ಕೇಳುವ ಮೊದಲೇ ಕ್ರೆಡಿಟ್ ಕಾರ್ಡ್‌ನಿಂದ ಹಣ ಕಡಿತವಾಗಿತ್ತು. ಅವರು ಕಳಿಸಿದ ಫೋಟೋದಲ್ಲಿ ಚಕ್ರದ ಕೆಳಗಿನ ನೆಲ ಒದ್ದೆಯಾಗಿ ಮಿನುಗುತ್ತಿದೆ. ನಾವು ಕಾರು ಬಿಟ್ಟುಬಂದ ಬೆಳಗ್ಗೆ ಒಂದು ಹನಿ ಮಳೆಯೂ ಇರಲಿಲ್ಲ. ಅಂದರೆ ಆ ಫೋಟೋ ತೆಗೆಯುವ ಮೊದಲು ಕಾರು ಅಲ್ಲಿ ಎಷ್ಟು ಹೊತ್ತು ನಿಂತಿತ್ತು, ಯಾರು ಮುಟ್ಟಿದರು, ಯಾರಿಗೂ ಗೊತ್ತಿಲ್ಲ. ಆದರೂ ಹೊಣೆ ಮಾತ್ರ ನಮ್ಮದಂತೆ!

ಇನ್ಶೂರೆನ್ಸ್ ಇತ್ತಲ್ಲ ಎನ್ನಬಹುದು. ಬಾಡಿಗೆಯ ಜೊತೆ ಬರುವ ಮೂಲ ವಿಮೆಯಲ್ಲಿ ಗಾಜು, ಟೈರು, ರಿಮ್, ಕಾರಿನ ತಳಭಾಗ ಹೆಚ್ಚಾಗಿ ಸೇರಿರುವುದಿಲ್ಲ. ನಾರ್ವೆಯ ಒಳರಸ್ತೆಗಳಲ್ಲಿ ಜಲ್ಲಿಕಲ್ಲು ಸಿಡಿದು ಪೆಟ್ಟು ಬೀಳುವುದು ಇವಕ್ಕೇ. ಸಹಿ ಹಾಕುವ ಮೊದಲು ಇವು ಸೇರಿವೆಯೇ ಎಂದು ಬಾಯಿಬಿಟ್ಟು ಕೇಳಿ.

ಟೋಲ್ ಇನ್ನೊಂದು ಕಥೆ. ನಾರ್ವೆಯಲ್ಲಿ ಗಾಡಿ ನಿಲ್ಲಿಸಿ ದುಡ್ಡು ಕೊಡುವ ಬೂತ್ ಬಹುತೇಕ ಇಲ್ಲ, ಕ್ಯಾಮೆರಾ ನಂಬರ್ ಪ್ಲೇಟ್ ಓದುತ್ತದೆ. ಬಿಲ್ ಬಾಡಿಗೆ ಕಂಪನಿಗೆ ಹೋಗುತ್ತದೆ, ಅದರ ಮೇಲೆ ಅವರು ತಮ್ಮ ಸೇವಾ ಶುಲ್ಕ ಸೇರಿಸುತ್ತಾರೆ. ನಮಗೆ ಕೆಲವು ಕಡೆ ಟೋಲ್‌ಗಿಂತ ಶುಲ್ಕವೇ ಜಾಸ್ತಿ ಬಿತ್ತು. ಆ ಶುಲ್ಕ ಪ್ರತಿ ಟೋಲ್‌ಗೋ, ಇಡೀ ಬಾಡಿಗೆಗೆ ಒಂದೇ ಸಲವೋ ಎಂಬುದನ್ನು ಬರಹದಲ್ಲಿ ಪಡೆಯಿರಿ.

ಸಾಧ್ಯವಾದರೆ ಕೌಂಟರ್ ತೆರೆದಿರುವ ಹೊತ್ತಿಗೇ ಕಾರು ಒಪ್ಪಿಸಿ, ಹಾನಿಯಿಲ್ಲ ಎಂದು ಬರೆಸಿಕೊಳ್ಳಿ. ಆಗದಿದ್ದರೆ ನಾಲ್ಕೂ ರಿಮ್, ಗಾಜು, ಬಂಪರ್ ಕೆಳಗೆ ಬಗ್ಗಿ ನಿಧಾನವಾಗಿ ವಿಡಿಯೋ ಮಾಡಿ. ಜೂನ್‌ನಲ್ಲಿ ಅಲ್ಲಿ ಬೆಳಗಿನ ಜಾವ ನಾಲ್ಕೂವರೆಗೇ ಬೆಳಕಿರುತ್ತದೆ. ಕಾರು ಬಿಟ್ಟುಬರುವಾಗ ಪೆಟ್ರೋಲ್ ಮುಳ್ಳು ತೋರಿಸಲೆಂದು ನಮ್ಮ ಗೆಳತಿ ತೆಗೆದ ಫೋಟೋದಲ್ಲಿ ಕಿಟಕಿಯಾಚೆ ಒಣ ನೆಲ ಕಾಣುತ್ತಿತ್ತು. ಅದನ್ನೇ ಹಿಡಿದು ಬ್ಯಾಂಕಿಗೆ ದೂರು ಕೊಟ್ಟೆವು. ರಿಮ್ಮಿನ ಹಣ ವಾಪಸ್ ಬಂತು, ಗಾಜಿನದು ಇನ್ನೂ ಬಂದಿಲ್ಲ.