ಬ್ರಿಟನ್ನಿನ ಟಿವಿ ಲೈಸೆನ್ಸ್ ಪತ್ರಗಳು: ಆನ್‌ಲೈನ್ ಫಾರ್ಮ್ ಚೆನ್ನಾಗಿದೆ, ಪತ್ರದ ಭಾಷೆ ಸರಿಯಿಲ್ಲ

ಬ್ರಿಟನ್ನಿನಲ್ಲಿ ಬಾಡಿಗೆ ಮನೆ ಹಿಡಿದು ಕೆಲವು ವಾರ ಕಳೆಯುವಷ್ಟರಲ್ಲಿ ಬಾಗಿಲ ಕಿಂಡಿಯಿಂದ ಒಂದು ಲಕೋಟೆ ಒಳಗೆ ಬೀಳುತ್ತದೆ. ಹೆಸರಿನ ಜಾಗದಲ್ಲಿ ‘ಲೀಗಲ್ ಆಕ್ಯುಪೈಯರ್’ (ಈ ಮನೆಯಲ್ಲಿ ವಾಸವಿರುವವರು) ಎಂದಷ್ಟೇ ಇರುತ್ತದೆ. ಈ ವಿಳಾಸಕ್ಕೆ ಟಿವಿ ಲೈಸೆನ್ಸ್ (ಟಿವಿ ನೋಡಲು ವರ್ಷಕ್ಕೆ ಹಣ ಕಟ್ಟಿ ಪಡೆಯುವ ಪರವಾನಗಿ) ಇಲ್ಲ, ತನಿಖೆ ಆಗಬಹುದು, ಸಾವಿರ ಪೌಂಡ್ ದಂಡ ಬೀಳಬಹುದು ಎಂದು ಒಳಗೆ ದಪ್ಪ ಅಕ್ಷರದಲ್ಲಿ ಬರೆದಿರುತ್ತದೆ. ಕಳಿಸಿದವರು ‘ಟಿವಿ ಲೈಸೆನ್ಸಿಂಗ್’. ಇದು ಸರ್ಕಾರಿ ಇಲಾಖೆಯಲ್ಲ, ಪೊಲೀಸರೂ ಅಲ್ಲ. ಬಿಬಿಸಿ ತನ್ನ ಗುತ್ತಿಗೆದಾರರಿಗೆ ಬಳಸಲು ಕೊಟ್ಟಿರುವ ಹೆಸರು ಅಷ್ಟೆ. ಪತ್ರ ಮತ್ತು ಮನೆಭೇಟಿಯ ಕೆಲಸ ಮಾಡುವುದು ಕ್ಯಾಪಿಟಾ ಎಂಬ ಖಾಸಗಿ ಕಂಪನಿ.

ಈ ವ್ಯವಸ್ಥೆಯ ಅತ್ಯುತ್ತಮ ಭಾಗ ‘ಲೈಸೆನ್ಸ್ ಬೇಡ’ ಎಂದು ತಿಳಿಸುವ ಆನ್‌ಲೈನ್ ಫಾರ್ಮ್. ಅತ್ಯಂತ ಕೆಟ್ಟ ಭಾಗ ಪತ್ರಗಳ ಭಾಷೆ. ಆದರೆ ಫಾರ್ಮ್ ತುಂಬುವ ಮುನ್ನ, ನಿಮಗೆ ಲೈಸೆನ್ಸ್ ನಿಜವಾಗಿಯೂ ಬೇಡವೇ ಎಂದು ನೋಡಿಕೊಳ್ಳಬೇಕು. ನಮ್ಮ ಜನ ಎಡವುವುದು ಅಲ್ಲೇ.

ಮನೆಯಲ್ಲಿ ಟಿವಿ ಇಟ್ಟುಕೊಳ್ಳಲು ಲೈಸೆನ್ಸ್ ಬೇಕಿಲ್ಲ. ಲೈಸೆನ್ಸ್ ಬೇಕಾಗುವುದು ಎರಡು ಕೆಲಸಕ್ಕೆ. ಒಂದು, ಯಾವುದೇ ಚಾನೆಲ್ಲನ್ನು ಅದು ಪ್ರಸಾರವಾಗುತ್ತಿರುವ ಹೊತ್ತಿಗೇ ನೋಡುವುದು ಅಥವಾ ರೆಕಾರ್ಡ್ ಮಾಡುವುದು. ಎರಡು, ಬಿಬಿಸಿಯ ಕಾರ್ಯಕ್ರಮ ನೋಡುವ ಆ್ಯಪ್ ಮತ್ತು ಜಾಲತಾಣವಾದ ಬಿಬಿಸಿ ಐಪ್ಲೇಯರ್ ಬಳಸುವುದು. 2016ರ ಸೆಪ್ಟೆಂಬರ್ 1ರಿಂದ ಅದರಲ್ಲಿ ಹಳೆಯ ಕಾರ್ಯಕ್ರಮ ನೋಡಿದರೂ ಲೈಸೆನ್ಸ್ ಬೇಕು. ನೋಡುವುದು ಟಿವಿಯಲ್ಲೋ ಲ್ಯಾಪ್‌ಟಾಪ್‌ನಲ್ಲೋ ಫೋನಿನಲ್ಲೋ ಎಂಬುದು ಲೆಕ್ಕಕ್ಕಿಲ್ಲ. ಚಾನೆಲ್ ಯಾವ ದೇಶದ್ದು ಎಂಬುದೂ ಅಷ್ಟೆ. ಹಾಗಾಗಿ ಬೆಂಗಳೂರಿನ ಸುದ್ದಿವಾಹಿನಿಯನ್ನು ಯೂಟ್ಯೂಬ್‌ನಲ್ಲಿ ಲೈವ್ ಹಾಕಿದರೆ ಲೈಸೆನ್ಸ್ ಬೇಕು. ಐಪಿಎಲ್ ಪಂದ್ಯವನ್ನು ಸ್ಕೈ ಸ್ಪೋರ್ಟ್ಸ್‌ನಲ್ಲಿ ನೇರವಾಗಿ ನೋಡಿದರೂ ಬೇಕು; ಸ್ಕೈಗೆ ಕಟ್ಟುವ ಚಂದಾ ಬೇರೆ, ಇದು ಬೇರೆ.

ಬೇಡವಾದದ್ದೂ ಸಾಕಷ್ಟಿದೆ. ಧಾರಾವಾಹಿಯ ನಿನ್ನೆಯ ಕಂತನ್ನು ಆ್ಯಪಿನಲ್ಲಿ ಇವತ್ತು ನೋಡುವುದು, ನೆಟ್‌ಫ್ಲಿಕ್ಸ್‌ನಲ್ಲಿ ಸಿನಿಮಾ ನೋಡುವುದು, ಡಿವಿಡಿ, ಗೇಮ್, ರೇಡಿಯೊ, ಬಿಬಿಸಿಯ ಆಡಿಯೊ ಆ್ಯಪ್ ಬಿಬಿಸಿ ಸೌಂಡ್ಸ್, ಇವುಗಳಿಗೆ ಯಾವ ಲೈಸೆನ್ಸೂ ಬೇಡ. ಯಕ್ಷಗಾನ ಮೇಳವೊಂದು ತನ್ನದೇ ಯೂಟ್ಯೂಬ್ ಪುಟದಲ್ಲಿ ಮಾತ್ರ ಲೈವ್ ಬಿಟ್ಟರೆ ಅದಕ್ಕೂ ಬೇಡ, ಏಕೆಂದರೆ ಅದು ಟಿವಿ ಚಾನೆಲ್ಲಿನ ಪ್ರಸಾರವಲ್ಲ. ಅದೇ ಪ್ರದರ್ಶನ ಅದೇ ಹೊತ್ತಿಗೆ ಟಿವಿ ಚಾನೆಲ್ಲಿನಲ್ಲೂ ಬರುತ್ತಿದ್ದರೆ ಮಾತು ಬೇರೆ.

ಊರಿನಿಂದ ಅಪ್ಪ ಅಮ್ಮ ಆರು ತಿಂಗಳ ವೀಸಾದಲ್ಲಿ ಬಂದಾಗ ಈ ಗೆರೆ ದಾಟುವುದು ಬಹಳ ಸುಲಭ. ಮಕ್ಕಳು ಕೆಲಸಕ್ಕೆ ಹೋದ ಮೇಲೆ ಅವರು ಕನ್ನಡ ನ್ಯೂಸ್ ಲೈವ್ ಹಚ್ಚಿ ಕೂರುತ್ತಾರೆ. ‘ಬೇಡ’ ಎಂದು ನೀವು ಕೊಟ್ಟ ಹೇಳಿಕೆ ಆ ಕ್ಷಣಕ್ಕೇ ಸುಳ್ಳಾಗುತ್ತದೆ. ಅವರು ಬರುವ ಮುಂಚೆಯೇ ಲೈಸೆನ್ಸ್ ತೆಗೆದುಕೊಳ್ಳಿ, ಇಲ್ಲವೇ ಕೂರಿಸಿಕೊಂಡು ಸ್ಪಷ್ಟವಾಗಿ ಹೇಳಿ: ‘ಅಮ್ಮ, ಕೆಂಪು ಲೈವ್ ಗುರುತು ಇದ್ದರೆ ಹಾಕಬೇಡಿ, ಆಮೇಲೆ ಹಾಕುವ ವಿಡಿಯೊ ನೋಡಿ.’

ಇನ್ನು ಫಾರ್ಮ್. ಪತ್ರದ ಮೇಲಿರುವ ರೆಫರೆನ್ಸ್ ನಂಬರ್ ಕೈಗೆ ಹತ್ತಿರ ಇಟ್ಟುಕೊಂಡು ಟಿವಿ ಲೈಸೆನ್ಸಿಂಗ್ ಜಾಲತಾಣಕ್ಕೆ ಹೋಗಿ, ಲೈಸೆನ್ಸ್ ಬೇಡ ಎಂದು ತಿಳಿಸುವ ಪುಟ ತೆರೆಯಿರಿ. ಲೈವ್ ನೋಡುವುದಿಲ್ಲ, ರೆಕಾರ್ಡ್ ಮಾಡುವುದಿಲ್ಲ, ಐಪ್ಲೇಯರ್ ಬಳಸುವುದಿಲ್ಲ ಎಂದು ದೃಢಪಡಿಸಿ, ಹೆಸರು, ವಿಳಾಸ, ಇಮೇಲ್ ಕೊಡಬೇಕು. ಐದು ನಿಮಿಷದ ಕೆಲಸ. ದೃಢೀಕರಣದ ಇಮೇಲ್ ಬಂದರೆ ಅಳಿಸದೆ ಇಟ್ಟುಕೊಳ್ಳಿ, ಬರದಿದ್ದರೆ ಕೊನೆಯ ಪುಟದ ಸ್ಕ್ರೀನ್‌ಶಾಟ್ ಸಾಕು. ಹೇಳಿಕೆ ಸಾಮಾನ್ಯವಾಗಿ ಎರಡು ವರ್ಷ ನಡೆಯುತ್ತದೆ, ಆಮೇಲೆ ಮತ್ತೆ ಕೇಳುತ್ತಾರೆ. ಹೀಗೆ ತಿಳಿಸಲೇಬೇಕೆಂದು ಕಾನೂನೇನೂ ಇಲ್ಲ, ಸುಮ್ಮನಿದ್ದರೆ ಅದು ಅಪರಾಧವಲ್ಲ. ಆದರೆ ಸುಮ್ಮನಿದ್ದಷ್ಟೂ ಪತ್ರಗಳು ಬರುತ್ತಲೇ ಇರುತ್ತವೆ, ಕೊನೆಗೆ ಆಳೂ ಬರುತ್ತಾನೆ. ನೆಮ್ಮದಿ ಬೇಕಿದ್ದವರು ಫಾರ್ಮ್ ತುಂಬುವುದೇ ಲೇಸು.

ಫಾರ್ಮ್ ತುಂಬಿದ ಮೇಲೂ ಪತ್ರ ಬಂತೆಂದರೆ ಮೊದಲು ವಿಳಾಸದ ಸಾಲನ್ನು ನೋಡಿ. ಹಳೆಯ ಮನೆಯನ್ನು ಒಡೆದು ಫ್ಲ್ಯಾಟ್ ಮಾಡಿರುವ ಕಡೆ ಒಂದೇ ಮನೆ ‘ಫ್ಲ್ಯಾಟ್ 2, 14’ ಎಂದೂ ‘14ಬಿ’ ಎಂದೂ ಎರಡು ಸಲ ದಾಖಲಾಗಿರುವುದುಂಟು. ನೀವು ಹೇಳಿಕೆ ಕೊಟ್ಟದ್ದು ಒಂದಕ್ಕೆ, ಪತ್ರ ಬರುತ್ತಿರುವುದು ಇನ್ನೊಂದಕ್ಕೆ. ಪತ್ರದಲ್ಲಿ ಅಚ್ಚಾಗಿರುವ ವಿಳಾಸವನ್ನು ಅಕ್ಷರಶಃ ಕೊಟ್ಟು, ಎರಡೂ ಒಂದೇ ಮನೆ ಎಂದು ಬರೆದು ತಿಳಿಸಿ. ಮನೆ ಬದಲಿಸಿದರೆ ಹಳೆಯ ಹೇಳಿಕೆ ಜೊತೆಗೆ ಬರುವುದಿಲ್ಲ, ಹೊಸ ಮನೆಗೆ ಹೊಸದಾಗಿ ಕೊಡಬೇಕು.

ಪತ್ರಗಳ ವಿಷಯಕ್ಕೆ ಬಂದರೆ, ಸೌಮ್ಯವಾಗಿ ಹೇಳಲು ಮನಸ್ಸಿಲ್ಲ. ‘ತನಿಖೆಗೆ ಅನುಮತಿ ಸಿಕ್ಕಿದೆ’, ‘ಕೋರ್ಟಿನಲ್ಲಿ ಏನಾಗುತ್ತದೆ’ ಎಂಬಂಥ ಶೀರ್ಷಿಕೆಗಳನ್ನು ಇಂಗ್ಲಿಷ್ ಅಷ್ಟಾಗಿ ಬಾರದವರು ಓದಿದರೆ ತಮ್ಮ ಮೇಲೆ ಕೇಸೇ ಆಗಿಬಿಟ್ಟಿದೆ ಎಂದು ನಂಬುತ್ತಾರೆ. ಹೆಸರಿಲ್ಲದ ಪತ್ರ ಕೇಸೂ ಅಲ್ಲ, ಸಾಲದ ನೋಟಿಸೂ ಅಲ್ಲ. ಅದು ಬಂದ ಮಾತ್ರಕ್ಕೆ ವೀಸಾಕ್ಕೆ ಏನೂ ಆಗುವುದಿಲ್ಲ. ಲೈಸೆನ್ಸ್ ಯಾವಾಗ ಬೇಡ ಎಂಬ ಮಾತು ಪತ್ರದ ಮೊದಲ ಸಾಲಿನಲ್ಲಿ ಇರಬೇಕಿತ್ತು. ಬೆದರಿಕೆಯನ್ನೆಲ್ಲ ದಾಟಿ ಅದನ್ನು ಹುಡುಕಬೇಕಾಗಿರುವುದು ಅನ್ಯಾಯ.

ಇದೇ ಹೆಸರಿನಲ್ಲಿ ಮೋಸದ ಇಮೇಲ್‌ಗಳೂ ಧಾರಾಳವಾಗಿ ಓಡಾಡುತ್ತಿವೆ. ‘ಪಾವತಿ ವಿಫಲವಾಗಿದೆ’ ಎಂದು ಹೇಳಿ, ನಿಮ್ಮ ಹೆಸರಿನ ಬದಲು ಇಮೇಲ್ ವಿಳಾಸವನ್ನೇ ಹಾಕಿ ಸಂಬೋಧಿಸಿದ್ದರೆ ಅದರಲ್ಲಿರುವ ಲಿಂಕ್ ಒತ್ತಬೇಡಿ. ಜಾಲತಾಣದ ವಿಳಾಸವನ್ನು ನೀವೇ ಟೈಪ್ ಮಾಡಿ ಒಳಗೆ ಹೋಗಿ ನೋಡಿ.

ಬಾಗಿಲಿಗೆ ಬರುವವರನ್ನು ‘ವಿಸಿಟಿಂಗ್ ಆಫೀಸರ್’ ಎನ್ನುತ್ತಾರೆ. ಮೊದಲು ಫೋಟೊ ಇರುವ ಗುರುತಿನ ಚೀಟಿ ಕೇಳಿ. ನಿಮ್ಮ ಒಪ್ಪಿಗೆಯಿಲ್ಲದೆ ಅವರು ಹೊಸ್ತಿಲು ದಾಟುವಂತಿಲ್ಲ, ಪ್ರಶ್ನೆಗಳಿಗೆ ಉತ್ತರಿಸಲೇಬೇಕೆಂಬ ಕಡ್ಡಾಯವೂ ಇಲ್ಲ. ‘ನಮಗೆ ಲೈಸೆನ್ಸ್ ಬೇಡ, ಆನ್‌ಲೈನ್‌ನಲ್ಲಿ ತಿಳಿಸಿದ್ದೇವೆ, ನಮಸ್ಕಾರ’ ಎಂದು ಬಾಗಿಲು ಹಾಕಿಕೊಂಡರೆ ಸಾಕು. ಒಳಗೆ ಕರೆದು ತೋರಿಸಿದರೆ ಬೇಗ ಮುಗಿಯಬಹುದು, ಅದು ನಿಮ್ಮ ಇಷ್ಟ. ಬಲವಂತವಾಗಿ ಹುಡುಕಬೇಕೆಂದರೆ 2003ರ ಕಮ್ಯುನಿಕೇಶನ್ಸ್ ಆ್ಯಕ್ಟಿನ 366ನೇ ಸೆಕ್ಷನ್ ಪ್ರಕಾರ ಮ್ಯಾಜಿಸ್ಟ್ರೇಟರಿಂದ, ಸ್ಕಾಟ್ಲೆಂಡಿನಲ್ಲಾದರೆ ಶೆರಿಫ್ ಎಂಬ ನ್ಯಾಯಾಧೀಶರಿಂದ, ವಾರಂಟ್ ತರಬೇಕು. ಅದರ ಅವಧಿ ಒಂದು ತಿಂಗಳು. ವಾರಂಟ್ ತೋರಿಸಿದರೆ ಓದಿ ನೋಡಿ ಒಳಗೆ ಬಿಡಿ, ತಡೆಯುವುದೇ ಅಪರಾಧವಾಗುತ್ತದೆ.

ಎಚ್ಚರ ಬೇಕಾದ ಕ್ಷಣ ಒಂದಿದೆ. ಮಾತಿನ ನಡುವೆ ಆಫೀಸರ್ ‘ನೀವು ಹೇಳುವುದನ್ನು ಸಾಕ್ಷ್ಯವಾಗಿ ಬಳಸಬಹುದು’ ಎಂಬರ್ಥದ ವಾಕ್ಯ ಓದಿದರೆ, ಅಲ್ಲಿಂದ ಮುಂದಿನದು ಮಾತುಕತೆಯಲ್ಲ, ವಿಚಾರಣೆ. ಉತ್ತರಗಳನ್ನು ಬರೆದುಕೊಂಡು ಕೊನೆಗೆ ಸಹಿ ಕೇಳುತ್ತಾರೆ. ಅರ್ಥವಾಗದೆ ಸಹಿ ಹಾಕಲೇಬೇಡಿ. ಕೇಸ್ ಬೀಳುವುದು ಟಿವಿಯ ಯಜಮಾನನ ಮೇಲೋ ಬಾಡಿಗೆ ಕರಾರಿನಲ್ಲಿ ಹೆಸರಿರುವವರ ಮೇಲೋ ಎಂದುಕೊಳ್ಳಬೇಡಿ, ಬಾಗಿಲು ತೆಗೆದು ಉತ್ತರಿಸಿದವರ ಮೇಲೂ ಬೀಳಬಹುದು. ಈ ಅಪರಾಧದಲ್ಲಿ ಶಿಕ್ಷೆಗೊಳಗಾಗುವವರಲ್ಲಿ ಹೆಂಗಸರೇ ಹೆಚ್ಚು ಎಂಬುದಕ್ಕೆ ಹಗಲು ಹೊತ್ತು ಮನೆಯಲ್ಲಿರುವವರು ಅವರೇ ಎಂಬುದು ಒಂದು ಕಾರಣ. ಇದನ್ನು ಮನೆಯವರಿಗೆಲ್ಲ ಮೊದಲೇ ತಿಳಿಸಿಡಿ.

ಬಾಗಿಲಿಗೆ ಬರುವ ಅನುಮತಿಯನ್ನೇ ಹಿಂತೆಗೆದುಕೊಂಡಿದ್ದೇನೆ ಎಂದು ಪತ್ರ ಬರೆಯುವ ದಾರಿ ಇಂಗ್ಲೆಂಡ್, ವೇಲ್ಸ್‌ಗಳಲ್ಲಿ ಇದೆ. ಆದರೆ ಅದು ವಾರಂಟನ್ನು ತಡೆಯುವುದಿಲ್ಲ. ಹೇಳಿಕೆ ಕೊಟ್ಟು ನೆಮ್ಮದಿಯಾಗಿರುವವರಿಗೆ ಅದರ ಅಗತ್ಯ ಕಾಣುವುದಿಲ್ಲ.

ನಿರ್ಲಕ್ಷಿಸಬಾರದ ಲಕೋಟೆ ಒಂದೇ: ನಿಮ್ಮ ಪೂರ್ತಿ ಹೆಸರಿಗೆ ಬರುವ ‘ಸಿಂಗಲ್ ಜಸ್ಟಿಸ್ ಪ್ರೊಸೀಜರ್ ನೋಟಿಸ್’. ಇಂಗ್ಲೆಂಡ್, ವೇಲ್ಸ್‌ನಲ್ಲಿ ಇದು ನಿಜವಾದ ಕೇಸ್. ಉತ್ತರಿಸಲು 21 ದಿನ ಕೊಡುತ್ತಾರೆ. ಸುಮ್ಮನಿದ್ದರೆ ಮ್ಯಾಜಿಸ್ಟ್ರೇಟರು ಕಾಗದಪತ್ರ ನೋಡಿ ತೀರ್ಪು ಕೊಟ್ಟುಬಿಡುತ್ತಾರೆ. ಗರಿಷ್ಠ ದಂಡ 1000 ಪೌಂಡ್, ಅದರ ಮೇಲೆ ಕೋರ್ಟ್ ಖರ್ಚು. ಶಾಶ್ವತ ವಾಸದ ಅಥವಾ ಪೌರತ್ವದ ಅರ್ಜಿ ಹಾಕುವವರು ಕೋರ್ಟಿನ ಶಿಕ್ಷೆಗಳ ಪ್ರಶ್ನೆ ಬಂದಾಗ ಇದನ್ನೂ ಹೇಳಬೇಕಾಗುತ್ತದೆ. ತಪ್ಪಿಲ್ಲದಿದ್ದರೆ ‘ನಾಟ್ ಗಿಲ್ಟಿ’ ಎಂದು ಗುರುತಿಸಿ ಅವಧಿಯೊಳಗೆ ಕಳಿಸಿ, ಫಾರ್ಮಿನ ಹಳೆಯ ದೃಢೀಕರಣ ಆಗ ಉಪಯೋಗಕ್ಕೆ ಬರುತ್ತದೆ.

ವಿದ್ಯಾರ್ಥಿಗಳಿಗೆ ಒಂದು ಮಾತು. ಅಪ್ಪ ಅಮ್ಮನ ಮನೆಯ ಲೈಸೆನ್ಸ್ ಹಾಸ್ಟೆಲ್ಲಿನಲ್ಲಿರುವ ಮಕ್ಕಳ ಬ್ಯಾಟರಿ ಚಾಲಿತ ಫೋನು, ಲ್ಯಾಪ್‌ಟಾಪಿಗೂ ನಡೆಯುತ್ತದೆ ಎಂದು ಸಹಪಾಠಿಗಳು ಹೇಳುವುದು ನಿಜ, ಪ್ಲಗ್ಗಿಗೆ ಸಿಕ್ಕಿಸಿರಬಾರದು ಅಷ್ಟೆ. ಆದರೆ ಆ ಮನೆ ಬ್ರಿಟನ್ನಿನಲ್ಲಿ ಲೈಸೆನ್ಸ್ ಪಡೆದ ಮನೆಯಾಗಿರಬೇಕು, ದಾವಣಗೆರೆಯ ಮನೆ ಲೆಕ್ಕಕ್ಕೆ ಬರುವುದಿಲ್ಲ. ಹಂಚಿಕೊಂಡ ಮನೆಯಲ್ಲಿ ಎಲ್ಲರ ಹೆಸರೂ ಒಂದೇ ಕರಾರಿನಲ್ಲಿದ್ದರೆ ಸಾಮಾನ್ಯವಾಗಿ ಒಂದು ಲೈಸೆನ್ಸ್ ಸಾಕು. ಕೋಣೆಗೊಂದು ಕರಾರಿದ್ದರೆ ಕೋಣೆಯಲ್ಲಿ ಲೈವ್ ನೋಡುವವರು ತಮ್ಮದನ್ನೇ ತೆಗೆದುಕೊಳ್ಳಬೇಕು.

ಈಗಾಗಲೇ ಲೈಸೆನ್ಸ್ ಇದ್ದು ಬೇಡವಾದವರು ಮೊದಲು ಲೈಸೆನ್ಸ್ ರದ್ದು ಮಾಡಿಸಿ, ಆಮೇಲೆ ಬ್ಯಾಂಕಿನ ಡೈರೆಕ್ಟ್ ಡೆಬಿಟ್ (ಖಾತೆಯಿಂದ ತಾನಾಗಿ ಕಡಿತವಾಗುವ ಕಂತು) ನಿಲ್ಲಿಸಿ. ತಿರುಗುಮುರುಗಾದರೆ ಕಂತು ತಪ್ಪಿದೆ ಎಂಬ ಪತ್ರಗಳು ಶುರುವಾಗುತ್ತವೆ. 2025ರ ಏಪ್ರಿಲ್ 1ರಿಂದ ಜಾರಿಗೆ ಬಂದ ವರ್ಷದ ದರ 174.50 ಪೌಂಡ್, ಅಂದರೆ ತಿಂಗಳಿಗೆ 14.54 ಆಗಿತ್ತು; ಈಗಿನ ದರವನ್ನು ಜಾಲತಾಣದಲ್ಲಿ ನೋಡಿಕೊಳ್ಳಿ. ಪೂರ್ತಿ ವರ್ಷದ್ದು ಕಟ್ಟಿ, ಕನಿಷ್ಠ ಒಂದು ಪೂರ್ಣ ತಿಂಗಳು ಬಾಕಿ ಇರುವಾಗ ಊರಿಗೆ ಮರಳುವವರು ಉಳಿದ ಪೂರ್ಣ ತಿಂಗಳುಗಳ ಹಣ ವಾಪಸ್ ಕೇಳಬಹುದು. ಅರ್ಜಿಯೂ ಆನ್‌ಲೈನ್‌ನಲ್ಲೇ ಇದೆ. ಬ್ರಿಟನ್ನಿನ ಬ್ಯಾಂಕ್ ಖಾತೆ ಮುಚ್ಚುವ ಮೊದಲು ಹಾಕಿ.