‘ಕಥೆ’ ‘ಕಧೆ’ ಆದ ಮೇಲೆ: ಹತ್ತಿರದ ಓದಿಗೆ ನಾನು ಹಾಕಿ ನೋಡಿದ ಕನ್ನಡಕಗಳು

ನನ್ನ ಕೆಲಸ ಕರಡು ತಿದ್ದುವುದು. 44ನೇ ವಯಸ್ಸಿನಲ್ಲಿ ಒಂದು ಪುಸ್ತಕವನ್ನು ಮೂರು ಸಲ ಓದಿ ಕಳಿಸಿದ್ದೆ. ಅಚ್ಚಾಗಿ ಬಂದಾಗ ಏಳು ಕಡೆ ‘ಕಥೆ’ ಹೋಗಿ ‘ಕಧೆ’ ಆಗಿತ್ತು. ಥ ಹೊಟ್ಟೆಯೊಳಗಿನ ಚುಕ್ಕೆ ಇದೆಯೋ ಇಲ್ಲವೋ ನನಗೆ ಗೊತ್ತೇ ಆಗಿರಲಿಲ್ಲ. ಮೊದಲು ಇಂಕು ತೆಳುವಾಗಿದೆ ಅಂದೆ. ಆಮೇಲೆ ದೀಪ ಸರಿಯಿಲ್ಲ ಅಂದೆ. ಕಣ್ಣಿನ ಡಾಕ್ಟರು ಪರೀಕ್ಷೆ ಮಾಡಿ, ‘ಏನಿಲ್ಲ, ಚಾಳೀಸು ಬಂದಿದೆ’ ಅಂದರು.

ಹಳಬರು ಕನ್ನಡಕವನ್ನೇ ಚಾಳೀಸು ಅನ್ನುತ್ತಿದ್ದರು. ಚಾಳೀಸ್ ಅಂದರೆ ನಲವತ್ತು. ಕಣ್ಣಿನೊಳಗೆ ಒಂದು ಮಸೂರ ಇದೆಯಲ್ಲ, ಅದು ಚಿಕ್ಕಂದಿನಲ್ಲಿ ಮೆತ್ತಗಿರುತ್ತದೆ. ಹತ್ತಿರದ್ದನ್ನು ನೋಡುವಾಗ ತಾನೇ ಉಬ್ಬಿಕೊಳ್ಳುತ್ತದೆ. ವರ್ಷ ಕಳೆದಂತೆ ಗಟ್ಟಿಯಾಗುತ್ತಾ ಬರುತ್ತದೆ, ಉಬ್ಬುವುದು ಕಡಿಮೆಯಾಗುತ್ತದೆ. ಹುಡುಗಾಟದ ವಯಸ್ಸಿನಿಂದಲೇ ಇದು ನಡೆದಿರುತ್ತದೆ. ನಮಗೆ ಗೊತ್ತಾಗುವುದು ಮಾತ್ರ ನಲವತ್ತರ ಆಚೀಚೆ. ತಡೆಯುವ ವ್ಯಾಯಾಮ ಯಾವುದೂ ಇಲ್ಲ. ಕನ್ನಡಕ ಹಾಕಿದರೆ ಕಣ್ಣು ಸೋಮಾರಿಯಾಗುತ್ತದೆ ಅನ್ನುವುದೂ ಸುಳ್ಳು.

ಅಲ್ಲಿಂದ ಐದು ವರ್ಷದಲ್ಲಿ ಕೈಗೆ ಸಿಕ್ಕಿದ ಬಗೆಯನ್ನೆಲ್ಲ ಹಾಕಿ ನೋಡಿದ್ದೇನೆ. ಮೊದಲ ದಿನವೇ ಮಾಡಬೇಕಿದ್ದ ಒಂದು ಕೆಲಸವನ್ನು ಮಾತ್ರ ಕೊನೆಗೆ ಮಾಡಿದೆ: ಅಳತೆ ಟೇಪ್ ಹಿಡಿದು ನನ್ನ ಮೇಜಿನ ಮುಂದೆ ಕೂತಿದ್ದು.

ಟೇಪ್ ಹೇಳಿದ್ದು ಇಷ್ಟು. ಕಣ್ಣಿನಿಂದ ಫೋನ್ 35 ಸೆಂಟಿಮೀಟರ್. ಕರಡಿನ ಹಾಳೆ 42. ಕಂಪ್ಯೂಟರ್ ಪರದೆ 70. ಎದುರು ಬಂದು ಕೂರುವವರ ಮುಖ ಸುಮಾರು ಒಂದೂವರೆ ಮೀಟರ್. ಲೆನ್ಸಿನ ಪವರ್‌ಗೂ ಈ ದೂರಕ್ಕೂ ಸುಲಭದ ಲೆಕ್ಕ ಇದೆ. ನೂರನ್ನು ಸೆಂಟಿಮೀಟರ್‌ನಿಂದ ಭಾಗಿಸಿ. 40 ಸೆಂಟಿಮೀಟರ್‌ಗೆ 2.5, 70ಕ್ಕೆ ಸುಮಾರು 1.4. ಅಷ್ಟು ಪವರ್ ಎಲ್ಲಿಂದಲಾದರೂ ಬರಬೇಕು. ಒಂದು ಪಾಲು ಕಣ್ಣು ಕೊಡುತ್ತದೆ, ಅದು ಕೊಡಲಾರದ್ದನ್ನು ಕನ್ನಡಕ ಕೊಡುತ್ತದೆ. ಕಣ್ಣು ಪರೀಕ್ಷೆಯ ಚೀಟಿಯಲ್ಲಿ ‘ಆಡ್’ ಅಂತ ಬರೆದಿರುವುದು ಆ ಕನ್ನಡಕದ ಪಾಲು. ನನ್ನದು ದೂರಕ್ಕೆ +0.50, ಎಡಗಣ್ಣಿಗೆ ಮಾತ್ರ 0.75ರ ಸಿಲಿಂಡರ್, ಅಂದರೆ ಒಂದೇ ದಿಕ್ಕಿಗೆ ಇರುವ ಪವರ್. ಆಡ್ ಮೊದಲು 1.25 ಇತ್ತು, 48ಕ್ಕೆ 1.75 ಆಯಿತು.

ಓದುವ ಕನ್ನಡಕ, ಎರಡು ಥರ

ಮೊದಲು ತಂದಿದ್ದು ರೆಡಿಮೇಡ್. ಸ್ಟ್ಯಾಂಡಿನಲ್ಲಿ ನೇತು ಹಾಕಿರುತ್ತಾರಲ್ಲ, ಅದು. ಹಾಕಿದ ತಕ್ಷಣ ಅಕ್ಷರ ದಪ್ಪ ಕಂಡವು, ಖುಷಿಯಾಯಿತು. ಒಂದು ಗಂಟೆ ಕಳೆದ ಮೇಲೆ ಎಡ ಹುಬ್ಬಿನ ಹಿಂದೆ ನೋವು ಶುರು. ಇದರಲ್ಲಿ ಎರಡೂ ಕಣ್ಣಿಗೆ ಒಂದೇ ಪವರ್, ಸಿಲಿಂಡರ್ ಇರುವುದೇ ಇಲ್ಲ. ಲೆನ್ಸುಗಳ ನಡುವಿನ ದೂರವೂ ಯಾರೋ ಸರಾಸರಿ ಮನುಷ್ಯನದು. ಎರಡು ಕಣ್ಣೂ ಸಮ ಇರುವವರಿಗೆ, ಚೀಟಿ ನೋಡುವುದಕ್ಕೆ, ಸೂಜಿಗೆ ದಾರ ಪೋಣಿಸುವುದಕ್ಕೆ ಧಾರಾಳವಾಗಿ ಸಾಕು. ದಿನವಿಡೀ ಓದುವ ನನ್ನಂಥವರಿಗೆ ಸಾಲದು.

ಆಮೇಲೆ ಅದನ್ನೇ ನನ್ನ ಚೀಟಿಗೆ ತಕ್ಕಂತೆ ಮಾಡಿಸಿದೆ. ಹಾಳೆ ಓದುವುದೊಂದನ್ನೇ ಕೇಳಿದರೆ ಇದನ್ನು ಮೀರಿಸಿದ್ದು ಇವತ್ತಿಗೂ ಸಿಕ್ಕಿಲ್ಲ. ಲೆನ್ಸಿನ ಆ ಅಂಚಿನಿಂದ ಈ ಅಂಚಿನವರೆಗೆ ಎಲ್ಲ ಕಡೆ ಸ್ಪಷ್ಟ. ಕತ್ತು ಅಲ್ಲಾಡಿಸದೆ ಸಾಲಿನ ಕೊನೆಗೆ ಹೋಗಬಹುದು. ಆದರೆ ತಲೆ ಎತ್ತಿದರೆ ಕೋಣೆ ಪೂರ್ತಿ ಮಂಜು. ಆಡ್ 1.75 ಆದಾಗ ಇನ್ನೊಂದು ತೊಂದರೆ ಬಂತು. ಅದೇ ಲೆಕ್ಕ ತಿರುಗಿಸಿ ಹಾಕಿ: 100 ಭಾಗಿಸು 1.75, ಅಂದರೆ 57. ಈ ಕನ್ನಡಕದಲ್ಲಿ 57 ಸೆಂಟಿಮೀಟರ್‌ನಿಂದ ಆಚೆಗೆ ಎಲ್ಲವೂ ಮಸುಕು. ನನ್ನ ಪರದೆ ಇರುವುದು 70ರಲ್ಲಿ. ನಾನು ಗೊತ್ತಿಲ್ಲದೆಯೇ ಮುಂದೆ ಬಾಗಿ ಬಾಗಿ ಬೆನ್ನು ನೋಯಿಸಿಕೊಂಡೆ. ಪವರ್ ಜಾಸ್ತಿ ಇದ್ದಷ್ಟೂ ಚೆನ್ನಾಗಿ ಕಾಣುತ್ತದೆ ಅಂದುಕೊಂಡು ದೊಡ್ಡ ನಂಬರ್ ಕೇಳುವವರಿದ್ದಾರೆ. ಅವರಿಗೂ ಇದೇ ಗತಿ. ಅಕ್ಷರ ದೊಡ್ಡದಾಗುತ್ತದೆ, ಸ್ಪಷ್ಟ ಇರುವ ಜಾಗ ಮೂಗಿನ ಹತ್ತಿರಕ್ಕೆ ಬರುತ್ತದೆ.

ಇಲ್ಲಿ ಒಂದು ಮಾತು. ನನ್ನ ತಂಗಿಗೆ ಚಿಕ್ಕಂದಿನಿಂದ ಮೈನಸ್ 2.50. ಅವಳು ಕನ್ನಡಕ ತೆಗೆದರೆ ಸಾಕು, 40 ಸೆಂಟಿಮೀಟರ್‌ನಲ್ಲಿ ಅಕ್ಷರ ಸ್ಫಟಿಕದ ಹಾಗೆ ಕಾಣುತ್ತದೆ. ಅವಳಿಗೆ ಓದುವ ಕನ್ನಡಕವೇ ಬೇಡ. ನಾನು ಇಷ್ಟೆಲ್ಲ ಒದ್ದಾಡುವಾಗ ಎದುರಿಗೆ ಕೂತು, ಕನ್ನಡಕ ತಲೆ ಮೇಲೆ ಏರಿಸಿ, ಆರಾಮವಾಗಿ ಪತ್ರಿಕೆ ಓದುತ್ತಾಳೆ. ನಿಮಗೂ 2ರಿಂದ 3ರ ಆಸುಪಾಸು ಮೈನಸ್ ಇದ್ದರೆ, ಏನಾದರೂ ಕೊಳ್ಳುವ ಮೊದಲು ಸುಮ್ನೆ ತೆಗೆದು ಓದಿ ನೋಡಿ.

ಗೆರೆ ಇರುವುದು

ಬೈಫೋಕಲ್ ಅಂದರೆ ಮೇಲೆ ದೂರ, ಕೆಳಗೆ ಹತ್ತಿರ, ಮಧ್ಯೆ ಒಂದು ಗೆರೆ. ಹಳೆಯ ಉಪಾಯ. ಬೆಂಜಮಿನ್ ಫ್ರಾಂಕ್ಲಿನ್ 1785ರ ಒಂದು ಪತ್ರದಲ್ಲಿ, ಎರಡು ಕನ್ನಡಕ ಹೊತ್ತು ತಿರುಗಲು ಬೇಸತ್ತು ಗಾಜುಗಳನ್ನು ಅರ್ಧಕ್ಕೆ ಕತ್ತರಿಸಿ ಒಂದೇ ಚೌಕಟ್ಟಿಗೆ ಕೂರಿಸಿದ್ದನ್ನು ಬರೆದಿದ್ದಾರೆ. ಈಗ ಸಾಮಾನ್ಯವಾಗಿ ಸಿಗುವುದು ಮಲಗಿಸಿದ ಡಿ ಅಕ್ಷರದಂಥ ಕಿಟಕಿ ಇರುವುದು, ಅಗಲ 28 ಮಿಲಿಮೀಟರ್.

ಇದನ್ನು ನೋಡಿದರೆ ವಯಸ್ಸು ಗೊತ್ತಾಗುತ್ತದೆ ಅಂತ ಜನ ಬೇಡ ಅನ್ನುತ್ತಾರೆ. ನನಗೆ ಅದು ಕಾರಣವೇ ಅಲ್ಲ. ಕೆಳಗಿನ ಕಿಟಕಿ ಅಗಲವಾಗಿದೆ, ಸ್ಪಷ್ಟವಾಗಿದೆ, ರೂಢಿಯಾಗಲು ಎರಡು ದಿನ ಸಾಕು. ನಿಮ್ಮ ಲೋಕದಲ್ಲಿ ಇರುವುದು ದೂರದ ಕರಿಹಲಗೆ ಮತ್ತು ಕೈಯಲ್ಲಿನ ಪುಸ್ತಕ ಎರಡೇ ಆದರೆ ಇದಕ್ಕಿಂತ ಪ್ರಾಮಾಣಿಕ ಲೆನ್ಸ್ ಇನ್ನೊಂದಿಲ್ಲ. ನನ್ನನ್ನು ಸೋಲಿಸಿದ್ದು ನಡುವಿನ ದೂರ. ಕಿಟಕಿ 57ಕ್ಕೆ ಮುಗಿಯುತ್ತದೆ, ಪರದೆ 70. ಮೇಲ್ಭಾಗದಿಂದ ನೋಡಿದರೆ ಕಣ್ಣೇ ಪೂರ್ತಿ ಕಷ್ಟಪಡಬೇಕು. ಇತ್ತ ಇಲ್ಲ, ಅತ್ತ ಇಲ್ಲ. ಜೊತೆಗೆ ನೋಟ ಗೆರೆ ದಾಟುವಾಗ ವಸ್ತು ಟಕ್ಕನೆ ಹಾರಿದಂತೆ ಕಾಣುತ್ತದೆ. ಮೂರು ತಿಂಗಳು ಹಾಕಿ ಬಿಟ್ಟೆ.

ಪ್ರೋಗ್ರೆಸಿವ್: ಒಂದು ಸಲ ಸೋತು, ಒಂದು ಸಲ ಗೆದ್ದಿದ್ದು

ಗೆರೆ ಇಲ್ಲದೆ, ಪವರ್ ಮೇಲಿನಿಂದ ಕೆಳಕ್ಕೆ ಮೆಲ್ಲಗೆ ಏರುತ್ತಾ ಹೋಗುವ ಲೆನ್ಸ್ ಇದು. ಈಗಿನ ಪ್ರೋಗ್ರೆಸಿವ್‌ಗಳಿಗೆಲ್ಲ ಹಿರಿಯಣ್ಣ ಅಂದರೆ 1959ರಲ್ಲಿ ಫ್ರಾನ್ಸಿನಲ್ಲಿ ಬಂದ ವ್ಯಾರಿಲಕ್ಸ್. ಕೇಳಲು ಎಲ್ಲ ಸಮಸ್ಯೆಗೂ ಇದೇ ಉತ್ತರ ಅನ್ನಿಸುತ್ತದೆ. ಆದರೆ ಇದಕ್ಕೆ ಕೊಡಬೇಕಾದ ಬೆಲೆ ಬದಿಗಳಲ್ಲಿದೆ. 1963ರಲ್ಲಿ ಮಿಂಕ್ವಿಟ್ಸ್ ಅನ್ನುವ ಗಣಿತಜ್ಞ ತೋರಿಸಿದ್ದು ಇದನ್ನೇ: ಮಧ್ಯದಲ್ಲಿ ಮೇಲಿನಿಂದ ಕೆಳಗೆ ಸ್ಪಷ್ಟ ಕಾಣುವ ಪಟ್ಟಿಯಲ್ಲಿ, ಅಂದರೆ ಓಣಿಯಲ್ಲಿ, ಪವರ್ ಎಷ್ಟು ಬೇಗ ಏರುತ್ತದೋ, ಓಣಿಯಿಂದ ಪಕ್ಕಕ್ಕೆ ಸರಿದಾಗ ಮಸುಕು ಮಾಡುವ ಬೇಡದ ಸಿಲಿಂಡರ್ ಅದರ ಎರಡರಷ್ಟು ಬೇಗ ಏರುತ್ತದೆ. ಇದನ್ನು ಯಾವ ಕಂಪನಿಯೂ ತಪ್ಪಿಸಲಾರದು. ಒಳ್ಳೆಯ ವಿನ್ಯಾಸ ಆ ಮಸುಕನ್ನು ಜಾಣತನದಿಂದ ಬೇರೆ ಕಡೆಗೆ ತಳ್ಳುತ್ತದೆ, ಅಷ್ಟೇ. ಆಡ್ ಜಾಸ್ತಿಯಾದರೆ ಓಣಿ ಕಿರಿದು. ಚಿಕ್ಕ ಫ್ರೇಮಿಗಾಗಿ ಓಣಿಯ ಉದ್ದ ಕಡಿಮೆ ಮಾಡಿದರೆ ಇನ್ನೂ ಕಿರಿದು.

ನಾನು ಮೊದಲು ಆರಿಸಿದ್ದು ಅಂಥದೇ ಚಿಕ್ಕ ಫ್ರೇಮ್. ಚೆಂದ ಕಾಣುತ್ತಿತ್ತು, ಏನು ಮಾಡಲಿ. ಓದುವ ಜಾಗ ಅಂಚೆಚೀಟಿಯಷ್ಟು ಸಿಕ್ಕಿತು. ಮೆಟ್ಟಿಲ ಮೇಲೆ ನೆಲ ತೇಲಿದ ಹಾಗೆ. ಮೂರು ವಾರ ಕಾದೆ. ‘ರೂಢಿಯಾಗುತ್ತೆ ಬಿಡಿ’ ಅಂದರು ಅಂಗಡಿಯವರು. ಆಗಲಿಲ್ಲ. ಒಂದು ಕಣ್ಣು ಮುಚ್ಚಿ ಓದಿದರೆ ಮಾತ್ರ ಸರಿಯಾಗಿ ಕಾಣುತ್ತಿತ್ತು. ಅಲ್ಲೇ ಅನುಮಾನ ಬಂತು.

ಇದು ನಿಮಗೂ ಉಪಯೋಗಕ್ಕೆ ಬರಬಹುದು. ಪ್ರೋಗ್ರೆಸಿವ್ ಲೆನ್ಸಿನ ಮೇಲೆ ಕಣ್ಣಿಗೆ ಕಾಣದಷ್ಟು ಸಣ್ಣದಾಗಿ ಎರಡು ಗುರುತು ಕೆತ್ತಿರುತ್ತಾರೆ, ಒಂದರಿಂದ ಇನ್ನೊಂದಕ್ಕೆ 34 ಮಿಲಿಮೀಟರ್. ಕಿವಿಯ ಕಡೆಗಿನ ಗುರುತಿನ ಕೆಳಗೆ ಆಡ್ ಸಂಖ್ಯೆಯೂ ಇರುತ್ತದೆ. ಲೆನ್ಸಿಗೆ ಬಾಯಿಂದ ಆವಿ ಊದಿ ದೀಪಕ್ಕೆ ಓರೆಯಾಗಿ ಹಿಡಿದರೆ ಕಾಣುತ್ತದೆ. ಅವೆರಡರ ನಡುಮಧ್ಯದ ನೇರಕ್ಕೆ ಪಾಪೆ ಬರಬೇಕು. ನಾನು ಮಾರ್ಕರ್ ಪೆನ್ನಿನಿಂದ ಚುಕ್ಕಿ ಇಟ್ಟು ಕನ್ನಡಿ ಮುಂದೆ ನಿಂತೆ, ತಂಗಿಯನ್ನೂ ಎದುರಿಗೆ ನಿಲ್ಲಿಸಿ ನೋಡಿಸಿದೆ. ಬಲಗಡೆ ಚುಕ್ಕಿ ಪಾಪೆಯಿಂದ ಮೂಗಿನ ಕಡೆಗೆ ಸರಿದಿತ್ತು, ಎಡಗಡೆ ಕಿವಿಯ ಕಡೆಗೆ. ನನ್ನ ಪಾಪೆಗಳ ನಡುವೆ 64 ಮಿಲಿಮೀಟರ್ ಇದೆ. ಅವರು ಅದನ್ನು ಸುಮ್ನೆ ಅರ್ಧ ಮಾಡಿ 32, 32 ಅಂತ ಹಾಕಿದ್ದರು. ನನ್ನ ಮೂಗು ಅಷ್ಟು ನ್ಯಾಯವಂತ ಅಲ್ಲ. ಬಲಕ್ಕೆ 33.5, ಎಡಕ್ಕೆ 30.5. ಒಂದೂವರೆ ಮಿಲಿಮೀಟರ್ ಓದುವ ಕನ್ನಡಕದಲ್ಲಿ ಲೆಕ್ಕಕ್ಕೇ ಬರುತ್ತಿರಲಿಲ್ಲ. ಇಲ್ಲಿ ಎರಡು ಕಣ್ಣಿನ ಓಣಿಗಳು ಒಂದಕ್ಕೊಂದು ಸಿಗದೆ ಹೋದವು.

ಲೆನ್ಸ್ ವಾಪಸ್ ಕೊಟ್ಟೆ. ಎರಡನೇ ಸಲ ಎತ್ತರದ ಫ್ರೇಮ್, ಒಂದೊಂದು ಕಣ್ಣಿಗೂ ಬೇರೆ ಬೇರೆ ಅಳತೆ. ಅದೂ ಫ್ರೇಮ್ ನನ್ನ ಮುಖಕ್ಕೆ ಸರಿಯಾಗಿ ಕೂತ ಮೇಲೆ, ನೇರ ನೋಡುತ್ತಾ. ಹತ್ತು ದಿನದಲ್ಲಿ ಕನ್ನಡಕ ಇದೆ ಅನ್ನುವುದೇ ಮರೆತುಹೋಯಿತು. ಬ್ರ್ಯಾಂಡ್ ಅದೇ, ವಿನ್ಯಾಸವೂ ಅದೇ. ಹಾಗಾಗಿ ‘ಆ ಕಂಪನಿಯದು ಹಾಕಿದೆ, ಆಗಿಬರಲಿಲ್ಲ’ ಅಂತ ಯಾರಾದರೂ ಹೇಳಿದರೆ, ಅಳತೆ ಹೇಗೆ ತೆಗೆದರು ಅಂತ ಮೊದಲು ಕೇಳುತ್ತೇನೆ.

ಹೊರಗೆ ಓಡಾಡುವಾಗ ಇದಕ್ಕೆ ಸಾಟಿ ಇಲ್ಲ. ರಸ್ತೆ, ಎದುರಿನವರ ಮುಖ, ಕೈಯಲ್ಲಿನ ಫೋನ್, ಎಲ್ಲ ಒಂದೇ ಕನ್ನಡಕದಲ್ಲಿ. ಮೇಜಿನ ಮುಂದೆ ಮಾತ್ರ ಇದು ಕೂಡ ಎಡವುತ್ತದೆ. ಪರದೆಗೆ ಬೇಕಾದ ಪವರ್ ಓಣಿಯ ನಡುವಿನಲ್ಲಿ, ತೀರಾ ಕಿರಿದಾದ ಕಡೆ ಇದೆ. ಹಾಗಾಗಿ ಗದ್ದ ಎತ್ತಿ, ತಲೆಯನ್ನು ಎಡಕ್ಕೂ ಬಲಕ್ಕೂ ತಿರುಗಿಸುತ್ತಾ ಓದಬೇಕು. ಸಂಜೆ ಹೊತ್ತಿಗೆ ಕತ್ತು ಹಿಡಿದುಕೊಳ್ಳುತ್ತದೆ. ಪರದೆಯನ್ನು ಒಂದು ಗೇಣು ಕೆಳಗೆ ಇಳಿಸಿದೆ. ಅರ್ಧ ನೋವು ಹೋಯಿತು, ಅರ್ಧ ಉಳಿಯಿತು.

ಮೇಜಿಗೇ ಅಂತ ಇರುವುದು

ಆ ಉಳಿದರ್ಧಕ್ಕೆ ಮಾಡಿಸಿದ್ದು ಆಫೀಸ್ ಲೆನ್ಸ್. ಇದರಲ್ಲಿ ದೂರದ ನೋಟವನ್ನು ಬಿಟ್ಟುಕೊಡುತ್ತೇವೆ. ಕೆಳಗೆ ಓದುವ ಪವರ್, ಮೇಲಕ್ಕೆ ಹೋದಂತೆ ಒಂದು ಅಥವಾ ಎರಡು ಮೀಟರ್‌ವರೆಗಿನ ಪವರ್, ಅಲ್ಲಿಗೆ ಮುಗಿಯಿತು. ಪವರ್ ಕಡಿಮೆ ಏರುವುದರಿಂದ, ಅದೇ ಮಿಂಕ್ವಿಟ್ಸ್ ಲೆಕ್ಕದಂತೆ, ಪಕ್ಕದ ಮಸುಕೂ ಕಡಿಮೆ. ನನ್ನ 42, ನನ್ನ 70, ಎದುರಿನವರ ಮುಖ, ಮೂರೂ ಅಗಲವಾಗಿ ಸಿಕ್ಕವು. ಟೇಪ್ ಹಿಡಿದು ಕೂತಿದ್ದು ಇದನ್ನು ಮಾಡಿಸುವಾಗ. ಆ ನಾಲ್ಕು ಸಂಖ್ಯೆ ಬರೆದ ಚೀಟಿ ಕೊಟ್ಟಾಗ ಅಳತೆ ತೆಗೆಯುವವರು ‘ಇದನ್ನು ಯಾರೂ ತರಲ್ಲ ನೋಡಿ’ ಅಂದರು.

ಇದನ್ನು ಹಾಕಿಕೊಂಡು ಗಾಡಿ ಓಡಿಸಬಾರದು. ಒಂದು ದಿನ ಮರೆತು ಹೊರಗೆ ಹೋಗಿ, ಪರಿಚಯದವರಿಗೆ ಕೈ ಬೀಸದೆ, ಯಾರಿಗೋ ಬೀಸಿ ಬಂದೆ.

ಮೆಟ್ಟಿಲು, ಮೇಲಿನ ಕಪಾಟು, ಮಲಗಿ ಓದುವುದು

ಅಂಗಡಿಯಲ್ಲಿ ಕೂತು ಪಟ್ಟಿ ಓದಿಸುವಾಗ ಗೊತ್ತಾಗದ್ದು ಇವು. ಮೆಟ್ಟಿಲಿಳಿಯುವಾಗ ಕಣ್ಣು ಲೆನ್ಸಿನ ಕೆಳಭಾಗದಿಂದ ನೋಡುತ್ತದೆ. ಅಲ್ಲಿರುವುದು ಓದುವ ಪವರ್, ಮೆಟ್ಟಿಲಿರುವುದು ಒಂದೂವರೆ ಮೀಟರ್ ಕೆಳಗೆ. ಬೈಫೋಕಲ್ ಮತ್ತು ಪ್ರೋಗ್ರೆಸಿವ್ ಎರಡರಲ್ಲೂ ಅಂಚು ಕರಗುತ್ತದೆ. ಗದ್ದ ಎದೆಗೆ ತಂದು ಮೇಲ್ಭಾಗದಿಂದ ನೋಡುವ ಅಭ್ಯಾಸ ಮಾಡಿಕೊಳ್ಳಲೇಬೇಕು. ವಯಸ್ಸಾದ, ನಡಿಗೆ ಅಷ್ಟು ಗಟ್ಟಿ ಇಲ್ಲದವರಿಗೆ ಹೊರಗೆ ಹೋಗಲು ಬರೀ ದೂರದ ಕನ್ನಡಕವೇ ವಾಸಿ ಅಂತ ನನಗನ್ನಿಸುತ್ತದೆ. ನನ್ನಂತೆ ದೂರ ಬರಿಗಣ್ಣಿಗೇ ಕಾಣುವವರು ಓದುವ ಕನ್ನಡಕ ತೆಗೆದಿಟ್ಟು ಇಳಿದರೆ ಆಯಿತು.

ಮೇಲಿನ ಕಪಾಟಿನ ಪುಸ್ತಕದ ಬೆನ್ನು ಓದುವುದಕ್ಕೆ ಬೈಫೋಕಲ್, ಪ್ರೋಗ್ರೆಸಿವ್ ಎರಡೂ ಕೆಟ್ಟವು. ತಲೆ ಹಿಂದಕ್ಕೆ ಬಾಗಿಸಿ ಕೆಳಗಿನ ತುದಿಯಿಂದ ನೋಡುವ ಸರ್ಕಸ್ಸು. ತಲೆಯ ಮೇಲೆ ಕೈ ಎತ್ತಿ ಕೆಲಸ ಮಾಡುವವರಿಗೆ ಮೇಲೊಂದು, ಕೆಳಗೊಂದು ಕಿಟಕಿ ಇರುವ ಬೈಫೋಕಲ್ ಕೂಡ ಮಾಡುತ್ತಾರೆ, ಕೇಳಿ ನೋಡಿ.

ಕಾಂಟ್ಯಾಕ್ಟ್ ಲೆನ್ಸಿನಲ್ಲಿ ಒಂದು ಕಣ್ಣು ದೂರಕ್ಕೆ, ಇನ್ನೊಂದು ಹತ್ತಿರಕ್ಕೆ ಹೊಂದಿಸುವ ಪದ್ಧತಿಯೂ ಇದೆ. ಎರಡು ವಾರ ಹಾಕಿದೆ. ಕೆಲವರಿಗೆ ಚೆನ್ನಾಗಿ ಒಗ್ಗುತ್ತದೆ. ನನಗೆ ಆಳದ ಅಂದಾಜು ತಪ್ಪಿ, ಲೋಟದ ಪಕ್ಕಕ್ಕೆ ನೀರು ಸುರಿಯುತ್ತಿದ್ದೆ.

ಕೋಟಿಂಗ್ ಬಗ್ಗೆ ಕೇಳುವವರಿಗೆ: ಪ್ರತಿಫಲನ ತಡೆಯುವುದನ್ನು ಹಾಕಿಸಿ. ನೀಲಿ ಬೆಳಕು ತಡೆಯುವುದರಿಂದ ಕಣ್ಣಿನ ಆಯಾಸ ಕಡಿಮೆಯಾಗುತ್ತದೆ ಅಂತ ನನಗೂ ಮಾರಿದರು. ವೈದ್ಯಕೀಯ ಅಧ್ಯಯನಗಳನ್ನು ಒಟ್ಟು ಹಾಕಿ ಪರಿಶೀಲಿಸುವ ಕಾಕ್ರೇನ್ ಸಂಸ್ಥೆಯ 2023ರ ವಿಮರ್ಶೆ ಸಾಮಾನ್ಯ ಲೆನ್ಸಿಗಿಂತ ಅದರಿಂದ ಹೆಚ್ಚಿನ ಪ್ರಯೋಜನ ಕಾಣಲಿಲ್ಲ ಅಂದಿದೆ, ನನ್ನ ಕಣ್ಣೂ ಅದನ್ನೇ ಅಂದಿತು. ಇನ್ನೊಂದು: ಚಾಳೀಸು ಎರಡೂ ಕಣ್ಣಿಗೆ ನಿಧಾನವಾಗಿ ಬರುತ್ತದೆ. ಒಂದೇ ಕಣ್ಣು ಮಸುಕಾದರೆ, ಅಥವಾ ಇದ್ದಕ್ಕಿದ್ದಂತೆ ಮಸುಕಾದರೆ, ಕನ್ನಡಕದಂಗಡಿಗಲ್ಲ, ಡಾಕ್ಟರ ಹತ್ತಿರ ಹೋಗಿ.

ಈಗ ನನ್ನ ಬಳಿ ಉಳಿದಿರುವುದು ಮೂರು. ಜೇಬಿನಲ್ಲಿ ಪ್ರೋಗ್ರೆಸಿವ್, ಮೇಜಿನ ಮೇಲೆ ಆಫೀಸ್ ಲೆನ್ಸ್. ಮೂರನೆಯದು ನನ್ನ ಚೀಟಿಗೆ ಮಾಡಿಸಿದ ಆ ಓದುವ ಕನ್ನಡಕ, ದಿಂಬಿನ ಪಕ್ಕದಲ್ಲಿರುತ್ತದೆ. ಮಲಗಿ ಪುಸ್ತಕ ಓದುವಾಗ ಪ್ರೋಗ್ರೆಸಿವ್ ಹಾಕಿದರೆ ಪುಸ್ತಕವನ್ನು ಹೊಟ್ಟೆಯ ಮೇಲೆ ಇಡಬೇಕು, ಗದ್ದ ಎತ್ತಬೇಕು, ದಿಂಬು ಸರಿಸಬೇಕು. ಇದನ್ನು ಹಾಕಿದರೆ ಪುಸ್ತಕ ಎಲ್ಲಿ ಹಿಡಿದರೂ ಥ ಒಳಗಿನ ಚುಕ್ಕೆ ಅದರ ಜಾಗದಲ್ಲಿ ಇರುತ್ತದೆ.